ಎಣ್ಣೆ ಇಳಿಯುವ ಪೈಪು

ಹುಮನಾಬಾದ
ತಾ. 4-1-2004

ಭಾಗ್ಯಶ್ರೀಯ ಅಪ್ಪಾಜಿಯವರಿಗೆ ವಿದ್ಯಾವತಿಯ ಶರಣು.

ನಿಮ್ಮ ಆರೋಗ್ಯ ಹೇಗಿದೆ? ಪುಣೆಯ ಚಳಿಗೆ ಎಡಗಿವಿ ನೋಯುವುದು ಸುರುವಾಗಿರಬೇಕು. ಹೋದ ವರ್ಷ ಹೆಣೆದು ಕಳಿಸಿದ ಕಂದು ಮಫ್ಲರ್ ಕಟ್ಟಿಕೊಳ್ಳುತ್ತೀರೋ, ಇಲ್ಲ ಅದನ್ನೂ ಯಾರಿಗಾದರೂ ಕೊಟ್ಟು ಕುಳಿತಿದ್ದೀರೋ? ಕೊಡಲು ನಿಂತರೆ ನಿಮ್ಮ ಕೈ ಹಿಡಿಯುವವರಿಲ್ಲ ಅನ್ನುವುದು ನನಗೆ ಈಗ ಚೆನ್ನಾಗಿ ಗೊತ್ತಾಗಿದೆ. ಊಟ ಹೊತ್ತಿಗೆ ಸರಿಯಾಗಿ ಮಾಡಿರಿ. ಗೇಟಿನ ಮುಂದೆ ಸಿಗುವ ವಡಾಪಾವ್ ಮೇಲೆ ದಿನ ನೂಕಬೇಡಿ, ನಿಮಗೆ ಪಿತ್ತ ಏರುತ್ತದೆ. ಇತ್ತ ಕಡೆ ನಾನು, ಭಾಗ್ಯಶ್ರೀ ಇಬ್ಬರೂ ಕ್ಷೇಮ. ಇಬ್ಬರೂ ಅಂತ ಬರೆದಿದ್ದೇನೆ, ಎಲ್ಲರೂ ಅಂತ ಬರೆದಿಲ್ಲ. ಮೇಲಿನ ಊರಿನ ಹೆಸರು ನೋಡಿದಾಗಲೇ ನಿಮ್ಮ ಹುಬ್ಬು ಗಂಟಾಗಿರಬೇಕು. ಹೌದು, ನಾನು ಬಸವಕಲ್ಯಾಣದಲ್ಲಿಲ್ಲ. ಎಳ್ಳಮಾವಾಸ್ಯೆ ಮುಗಿದ ಮೇಲೆ ನಿಮ್ಮ ಅಪ್ಪನ ಮನೆ ಬಿಟ್ಟು ಬಂದಿದ್ದೇನೆ. ಇಲ್ಲಿ ಹುಮನಾಬಾದಿನಲ್ಲಿ ಸೂಗಮ್ಮ ಅನ್ನುವ ಮುದುಕಿಯ ಮನೆಯ ಹೊರಗಿನ ಕೋಣೆಯಲ್ಲಿದ್ದೇವೆ. ಒಂದು ಬಟ್ಟೆ ಅಂಗಡಿಯವರು ಸೀರೆಗೆ ಫಾಲ್ ಹಚ್ಚುವ ಕೆಲಸ ಕೊಟ್ಟಿದ್ದಾರೆ. ತವರಿಗೆ ಯಾಕೆ ಹೋಗಲಿಲ್ಲ ಅಂತ ಕೇಳಬೇಡಿ. ಅಲ್ಲಿಯೂ ನಾನು ಗಾಡಿ ಕೆಡಿಸಿದವನ ಹೆಂಡತಿಯೇ.

ಫೋನ್ ಮಾಡಬಹುದಿತ್ತು. ಎಸ್‌ಟಿಡಿ ಬೂತಿನಲ್ಲಿ ನಿಂತು ನಾನು ಒದರುವುದು, ಆ ಕಡೆಯಿಂದ ನೀವು "ಹೂಂ" ಅನ್ನುವುದು, ಮತ್ತೆ "ನೋಡೂಣು" ಅನ್ನುವುದು, ಅಷ್ಟರಲ್ಲಿ ನಿಮ್ಮ ಸಾಹೇಬರ ಕಾರು ಬಂತು ಅಂತ ಇಟ್ಟುಬಿಡುವುದು. ಸಾಕಾಗಿದೆ ನನಗೆ. ಕಾಗದಕ್ಕೆ ಹೂಂ ಅಂದು ಕೆಳಗಿಡಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕುಳಿತು ಪೂರ್ತಿ ಓದಿರಿ.

ಎಳ್ಳಮಾವಾಸ್ಯೆಯ ಹಿಂದಿನ ದಿನ ಹೊಲಕ್ಕೆ ಅಂಬಲಿ ಒಯ್ಯುವ ಕೊಡ ಸಿಗಲಿಲ್ಲ ಅಂತ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಹುಡುಕಲು ಹೋದೆ. ಕೊಡದ ಹಿಂದೆ ನೀವು ನಟ್ಟು ಬಿಚ್ಚುವ ಪಾನಾಗಳ ಪೆಟ್ಟಿಗೆ ಇತ್ತು. ನೀವು ಹೋದಾಗಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಮುಟ್ಟಿದರೆ ರೋಗ ಅಂಟುತ್ತದೆ ಅನ್ನುವ ಹಾಗೆ ಮೇಲೊಂದು ಗೋಣಿಚೀಲ ಎಸೆದಿದ್ದರು. ತುಕ್ಕು ಹಿಡಿದಿದ್ದರೆ ಒರೆಸಿ ಎಣ್ಣೆ ಸವರಿ ಇಡೋಣ ಅಂತ ತೆರೆದೆ. ತಳದಲ್ಲಿ ನಿಮ್ಮ ಖಾಕಿ ಅಂಗಿ, ಅಂಗಿಯೊಳಗೆ ಸುತ್ತಿಟ್ಟ ದಪ್ಪ ರಬ್ಬರ್ ಪೈಪು. ಅದರ ನಡುವೆ ಒಂದು ಕಡೆ ಕತ್ತು ಹಿಸುಕಿದ ಹಾಗೆ ತಗ್ಗು ಬಿದ್ದಿತ್ತು. ಆ ತಗ್ಗಿನಲ್ಲಿ ಕಪ್ಪು ಕೇಬಲ್ ವೈರಿನ ತುಂಡು ಇನ್ನೂ ಸುತ್ತಿಕೊಂಡೇ ಇತ್ತು. ಕೇಬಲ್ ವೈರು! ನಮ್ಮ ಮನೆಯಲ್ಲಿ ಅದರಿಂದ ಕಟ್ಟುವವರು ಯಾರು ಅಂತ ನಾನು ಹೇಳಬೇಕೇ? ನಿಮ್ಮ ತಮ್ಮ ಶ್ರೀಮಂತ ಗಾಡಿ ಹಿಡಿಯುವ ಮುಂಚೆ ಓಣಿಗೆಲ್ಲ ಟಿವಿ ಕೇಬಲ್ ಎಳೆದವನು. ಉಳಿದ ವೈರಿನ ಸುರುಳಿಯೇ ಅವನ ಆಸ್ತಿ. ಹಿತ್ತಲ ಬಾಗಿಲು, ಬಟ್ಟೆ ಒಣಹಾಕುವ ಗೂಟ, ಅತ್ತೆಯ ಮಂಚದ ಕಾಲು, ಕಡೆಗೆ ನನ್ನ ಕುಕ್ಕರಿನ ಹಿಡಿಕೆ ಕೂಡ ಅದರಿಂದಲೇ ಕಟ್ಟಿದ್ದಾನೆ. ನೀವಾದರೋ ಅಂಥದ್ದು ಕಂಡರೆ ಉರಿದು ಬೀಳುತ್ತಿದ್ದಿರಿ. "ಗಾಡ್ಯಾಗ ವೈರ್ ಕಟ್ಟೋದೇನು ದನಾ ಕಟ್ಟಿಧಂಗ? ಕ್ಲಿಪ್ ಹಾಕಿ ಬಿಗೀಬೇಕು" ಅಂತ ಎಷ್ಟು ಸಲ ಅವನಿಗೆ ಬೈದಿಲ್ಲ ನೀವು?

ಆ ಪೈಪು ನನಗೆ ಹೊಸದೂ ಅಲ್ಲ. ಅದನ್ನು ಗಾಡಿಗೆ ಕೂರಿಸಿದ ದಿನ ಟಾರ್ಚು ಹಿಡಿದು ನಿಂತವಳು ನಾನು. ನೆನಪಿದೆಯೇ? 2001ರ ದಸರಾ ಆಗಷ್ಟೇ ಮುಗಿದಿತ್ತು. ನಮ್ಮ ಸುಮೋ ಬಸವಕಲ್ಯಾಣ–ಹುಮನಾಬಾದ ಲೈನಿನಲ್ಲಿ ಓಡುತ್ತಿತ್ತು. ಜನ ತುಂಬಿದರೆ ಏರಿನಲ್ಲಿ ಗಾಡಿ ಏದುಸಿರು ಬಿಡುತ್ತದೆ, ಬೇರೆಯವರ ಜೀಪುಗಳೆಲ್ಲ ನನ್ನ ದಾಟಿ ಹೋಗುತ್ತವೆ ಅಂತ ಶ್ರೀಮಂತನದು ದಿನವೂ ಒಂದೇ ರಾಗ. ಅವನ ರಾಗ ಕೇಳಲಾರದೆ ನೀವು ಹೈದರಾಬಾದಿನ ಹಳೇ ಸಾಮಾನಿನ ಬಜಾರಿಗೆ ಹೋಗಿ ದೊಡ್ಡ ಟರ್ಬೋ ತಂದಿರಿ. ಇಂಜಿನ್ನಿಗೆ ಗಾಳಿ ತುಂಬುವ ಸಾಮಾನು, ನೋಡಲು ಶಂಖದ ಹಾಗಿತ್ತು. ಮನೆಯ ಅಂಗಳದಲ್ಲೇ ಹಳೆಯ ಸಣ್ಣದನ್ನು ಇಳಿಸಿ ಇದನ್ನು ಏರಿಸಿದಿರಿ. ಇಂಜಿನ್ನಿನ ಉಳಿದ ಕೆಲಸವನ್ನೆಲ್ಲ ಹಾಡು ಗುನುಗುತ್ತ ಮಾಡಿದವರು, ಟರ್ಬೋದಿಂದ ಎಣ್ಣೆ ಕೆಳಗಿಳಿಯುವ ಈ ಒಂದು ಪೈಪಿಗೆ ಬಂದಾಗ ಬಾಯಿ ಮುಚ್ಚಿದಿರಿ. ನಾನು ಯಾಕೆ ಅಂತ ಕೇಳಿದ್ದಕ್ಕೆ ಹೇಳಿದಿರಿ: "ನೋಡ ವಿದ್ಯಾ, ಒಳಗ ಹೋಗೋ ಎಣ್ಣಿಗೆ ಪಂಪಿನ ಜೋರ್ ಅದ, ಸಣ್ಣ ಪೈಪ್ ಸಾಕು. ಹೊರಗ ಬರೋ ಎಣ್ಣಿಗೆ ಯಾರ ಜೋರೂ ಇಲ್ಲ. ತನ್ನ ಭಾರಕ್ಕ ತಾನ ಇಳೀಬೇಕು. ಅದರ ದಾರಿ ದೊಡ್ಡದಿರಬೇಕು, ಇಳಿಜಾರಿರಬೇಕು, ನಡುವ ಹೊಟ್ಟಿ ಬಿಡಬಾರದು." ನಾನು, "ನಮ್ಮ ಬಚ್ಚಲ ಮೋರಿ ಇದ್ಧಂಗ ಅನ್ರಿ" ಅಂದೆ. ನೀವು ನಕ್ಕು, "ಅಷ್ಟ ನೋಡು" ಅಂದಿರಿ. ಆ ನಗು ನಾನು ಆಮೇಲೆ ನೋಡಿಲ್ಲ.

ಎಷ್ಟು ಅಚ್ಚುಕಟ್ಟಾಗಿ ಮಾಡಿದಿರಿ ಅದನ್ನು! ಹಳೆಯ ಪೈಪು ಸಣ್ಣದು, ಇದಕ್ಕೆ ಸಾಲದು ಅಂತ ಬದಿಗೆ ಎಸೆದಿರಿ. ಟರ್ಬೋದ ನಡುಭಾಗ ಸಡಿಲಿಸಿ, ಎಣ್ಣೆ ಬೀಳುವ ತೂತು ನೆಟ್ಟಗೆ ನೆಲ ನೋಡುವ ಹಾಗೆ ತಿರುಗಿಸಿ ಕೂರಿಸಿದಿರಿ. ಕೆಳಗಿನ ಎಣ್ಣೆ ಚೇಂಬರಿನ ಬದಿಗೆ, ಎಣ್ಣೆ ನಿಲ್ಲುವ ಮಟ್ಟಕ್ಕಿಂತ ಮೇಲೆ, ಹೊಸ ಬಾಯಿ ಬೆಸುಗೆ ಹಾಕಿಸಿಕೊಂಡು ಬಂದಿರಿ. ಸಂದಿಗೆ ಅಂಟು ಮೆತ್ತಿದರೆ ಅದರ ಚೂರು ಒಳಗೆ ಬಿದ್ದು ದಾರಿ ಕಟ್ಟುತ್ತದೆ ಅಂತ ಪ್ಯಾಕಿಂಗ್ ಕಾಗದವನ್ನು ಕತ್ತರಿಯಲ್ಲಿ ಕತ್ತರಿಸಿ ಕೂರಿಸಿದಿರಿ. ಕತ್ತರಿಯೂ ನನ್ನದೇ, ಅದರ ಹರಿತ ಹೋದದ್ದು ಬೇರೆ ಮಾತು. ಪೈಪಿನ ಕೆಳತುದಿ ಜೋಡಿಸುವ ಮುಂಚೆ ಮೇಲಿಂದ ಎಣ್ಣೆ ಹೊಯ್ದು, ಕೆಳಗೆ ನನ್ನ ಹಿಟ್ಟಿನ ಬೋಗುಣಿ ಹಿಡಿಸಿದಿರಿ. ಎಣ್ಣೆ ಎಲ್ಲೂ ತಡೆಯದೆ ದಾರದ ಹಾಗೆ ಇಳಿದು ಬಂತು. ನಾನು ಬೋಗುಣಿ ಹಾಳಾಯಿತು ಅಂತ ಕೂಗಾಡಿದೆ, ನೀವು ಅಂಗಾತ ಮಲಗಿಕೊಂಡೇ "ಹೊಸಾದು ತರ್ತೇನಿ ತಗೋ" ಅಂದಿರಿ. ತರಲಿಲ್ಲ. ಆ ಬೋಗುಣಿಯ ವಾಸನೆ ಇವತ್ತಿಗೂ ಹೋಗಿಲ್ಲ, ಇಲ್ಲಿಗೆ ಬರುವಾಗ ಅದನ್ನೂ ತಂದಿದ್ದೇನೆ.

ಅವತ್ತು ನಾನೇ ಕಣ್ಣಾರೆ ನೋಡಿದ್ದು, ಪೈಪು ಮೇಲಿಂದ ಕೆಳಗೆ ನೆಟ್ಟಗಿತ್ತು, ಎರಡೂ ತುದಿಗೆ ಕ್ಲಿಪ್ಪಿತ್ತು, ವೈರು ಅನ್ನುವುದು ಇರಲಿಲ್ಲ. ಗಾಡಿ ಒಂದು ತಿಂಗಳು ಹೊಗೆಯಿಲ್ಲದೆ ಕುದುರೆಯಂತೆ ಓಡಿತು. ಆಮೇಲೆ ಶ್ರೀಮಂತ ಮದುವೆಯ ಜನರನ್ನು ತುಂಬಿಕೊಂಡು ಘಾಟಬೋರಾಳದ ಕಡೆಗೆ ಹೋಗಿ ಬಂದ. ಬಂದವನು, ದಾರಿಯಲ್ಲಿ ಕಲ್ಲು ಬಡಿದು ಕೆಳಗೆ ಏನೋ ಟಣ್ ಅಂತು ಅಂದ. ಅದಾದ ಮೇಲೇ ನೀಲಿ ಹೊಗೆ ಸುರುವಾದದ್ದು. ನೀವು "ಕೆಳಗ ಏನರ ಮುಟ್ಟೀಯೇನೋ?" ಅಂತ ಕೇಳಿದಿರಿ, ಅವನು "ಏನೂ ಇಲ್ಲಣ್ಣಾ" ಅಂದ. ಕಟ್ಟುವುದು ಅವನ ಲೆಕ್ಕದಲ್ಲಿ ಮುಟ್ಟುವುದಲ್ಲ. ಗಾಡಿ ಒಂದು ದಿನ ನಿಲ್ಲಿಸು, ಬಿಚ್ಚಿ ನೋಡುತ್ತೇನೆ ಅಂದಿರಿ. ಆಗ ಬೇಡ ಅಂದವರು ಮಾವನವರು. "ಲಗ್ನದ ಸೀಜನ್ ಅದ, ಗಾಡಿ ನಿಲ್ಲಿಸಿ ಪೂಜಾ ಮಾಡ್ಲೇನು? ಹೊಗಿ ಬಂದ್ರ ಬರ್ಲಿ" ಅಂದರು. ಇದು ನಾನು ಕಿವಿಯಾರೆ ಕೇಳಿದ ಮಾತು. ಬೇಕಾದರೆ ಅವರನ್ನೇ ಕೇಳಿ.

ಮುಂದಿನದು ಊರಿಗೇ ಗೊತ್ತು. ಹುಮನಾಬಾದ ಇನ್ನೇನು ಬಂತು ಅನ್ನುವಲ್ಲಿ ಗಾಡಿ ತನ್ನಷ್ಟಕ್ಕೆ ತಾನೇ ಕಿರುಚಲು ಹತ್ತಿತಂತೆ. ಶ್ರೀಮಂತ ಕಾಲು ತೆಗೆದರೂ ಓಟ ಕಡಿಮೆಯಾಗಲಿಲ್ಲ. ನ್ಯೂಟ್ರಲ್ ಮಾಡಿ, ಬ್ರೇಕ್ ಒತ್ತಿ ನಿಲ್ಲಿಸಿ, ಕೀಲಿ ತಿರುಗಿಸಿ ಕೈಯಲ್ಲಿ ಹಿಡಿದುಕೊಂಡ. ಕೀಲಿ ಕೈಯಲ್ಲಿ, ಇಂಜಿನ್ ಮಾತ್ರ ಇನ್ನೂ ಜೋರಾಗಿ ಕೂಗುತ್ತಿದೆ, ಸುತ್ತಲೂ ಏನೂ ಕಾಣದಷ್ಟು ಹೊಗೆ. ಜನ ಕಿಟಕಿಯಿಂದ ಹಾರಿದರು. ಗಾಡಿಯ ಮೈಮೇಲೆ ದೇವರು ಬಂದಿದೆ ಅಂತ ಒಬ್ಬ ಮುದುಕಿ ಕೈ ಮುಗಿದು ನಿಂತಳಂತೆ. ಕಡೆಗೆ ಒಳಗೆ ಏನೋ ಮುರಿದು, ಇಂಜಿನ್ನಿನ ಬದಿ ಒಡೆದು, ಹೆದ್ದಾರಿಯ ಮೇಲೆ ಸತ್ತು ಬಿತ್ತು. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದಾಗ ಬಸವಕಲ್ಯಾಣದ ಗ್ಯಾರೇಜುಗಳವರೆಲ್ಲ ಪಾನಾ ಕೈಯಲ್ಲಿ ಹಿಡಿದೇ ನೋಡಲು ಬಂದರು. "ದೊಡ್ಡ ಟರ್ಬೋ ಹಾಕ್ತೀನಿ ಅಂದಾ ನೋಡ್ರಿ ಶರಣಕುಮಾರ ಇಂಜಿನಿಯರ್ರು" ಅಂತ ನಕ್ಕರು. ನೀವು ಏನಾದರೂ ಹೇಳುತ್ತೀರಿ ಅಂತ ನಾನು ಬಾಗಿಲಲ್ಲಿ ಕಾದೆ. ನೀವು ಬಾಯಿ ತೆರೆಯಲಿಲ್ಲ.

ಅದೇ ವಾರ ಚಿಟಗುಪ್ಪದ ಬೀಗರು ಶ್ರೀಮಂತನಿಗೆ ಹೆಣ್ಣಿನ ಮಾತು ಮುಗಿಸಲು ಬಂದರು. ಗಾಡಿಯ ಸುದ್ದಿ ಅವರಿಗೂ ಮುಟ್ಟಿತ್ತು. "ಕೆಡಿಸಿದವ್ರು ಯಾರ್ರಿ?" ಅಂತ ನೆಟ್ಟಗೆ ಕೇಳಿದರು. ಮಾವನವರು ಎದ್ದು ದೇವರ ಜಗುಲಿಯ ಮೇಲಿನ ವಿಭೂತಿ ತಂದು, ಅಷ್ಟು ಜನರ ಮುಂದೆ ನಿಮ್ಮ ಅಂಗೈಯಲ್ಲಿಟ್ಟು, ಇನ್ನು ಯಾವ ಗಾಡಿಗೂ ಪಾನಾ ಹಚ್ಚುವುದಿಲ್ಲ ಅಂತ ಆಣೆ ಮಾಡಿಸಿದರು. ನೀವು ಮಾಡಿದಿರಿ. ನಾನು ಚಹಾದ ತಟ್ಟೆ ಹಿಡಿದು ಪರದೆಯ ಹಿಂದೆ ನಿಂತಿದ್ದೆ. ಮಾಡದ ತಪ್ಪಿಗೆ ಮನುಷ್ಯ ವಿಭೂತಿ ಹಿಡಿದು ಆಣೆ ಮಾಡುತ್ತಾನೆಯೇ? ಇಲ್ಲವಲ್ಲ! ಅದಕ್ಕೇ ಅವತ್ತು ನಾನೂ ನಂಬಿದೆ. ನನ್ನ ಗಂಡನ ಕೈ ತಪ್ಪಿತು ಅಂತ ನಾನೇ ನಂಬುವ ಹಾಗೆ ಮಾಡಿದಿರಿ.

ಆಮೇಲೆ ನೀವು ಪುಣೆಗೆ ಹೋಗಿ ಕಂಪನಿಯ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿರಿ. ಬರುವ ಕಾರಿಗೆ ಸಲಾಮು, ಹೋಗುವ ಕಾರಿಗೆ ಸಲಾಮು. ಅವುಗಳ ಸದ್ದು ಕೇಳಿಯೇ ಒಳಗೆ ಏನು ಕೆಟ್ಟಿದೆ ಅಂತ ಹೇಳುವವರು ನೀವು, ಅದು ನನಗೆ ಗೊತ್ತು, ಅಲ್ಲಿ ಯಾರಿಗೆ ಗೊತ್ತು? ಇಲ್ಲಿ ನನ್ನ ಕಥೆ ಕೇಳಿರಿ. ಮಿಕ್ಸರ್ ಸುಟ್ಟರೆ ನಿಮ್ಮ ಕೈಗುಣ. ನಲ್ಲಿ ಸೋರಿದರೆ ನಿಮ್ಮ ಕೈಗುಣ. ಬೇರೆ ಮಿಸ್ತ್ರಿಯಿಂದ ಬೇರೆ ಇಂಜಿನ್, ಬೇರೆ ಟರ್ಬೋ ಹಾಕಿಸಿ ಗಾಡಿ ಮತ್ತೆ ಲೈನಿಗೆ ಬಿದ್ದಾಗ ಅತ್ತೆ ನಿಂಬೆಹಣ್ಣು ಇಳಿಸಿ, ನನಗೆ "ಜರಾ ದೂರ ನಿಲ್ಲವ್ವ" ಅಂದರು. ಶ್ರೀಮಂತನ ಹೆಂಡತಿ ಮನೀಷಾ ಬಂದಳಲ್ಲ, ಅವಳು ಕೆಟ್ಟವಳಲ್ಲ, ಆದರೆ ಬಾಯಿಗೆ ಬೀಗವಿಲ್ಲ. "ಅಕ್ಕಾ, ಭಾವನವ್ರು ರಿಪೇರಿ ಮಾಡಿದ ಫ್ಯಾನ್ ಕೆಳಗ ನಾ ಮಲಗಂಗಿಲ್ಲಪಾ, ಮ್ಯಾಲ ಬಿದ್ದೀತು" ಅಂತ ನೆಂಟರ ಮುಂದೆ ನಗುತ್ತಾಳೆ. ನಾನೂ ನಗಬೇಕು. ಇದೆಲ್ಲ ಹೋಗಲಿ. ಶಾಲೆಯಲ್ಲಿ ಟೀಚರು ಅಪ್ಪ ಏನು ಮಾಡುತ್ತಾರೆ ಅಂತ ಕೇಳಿದರೆ ನಿಮ್ಮ ಮಗಳು ಏನು ಹೇಳಿದ್ದಾಳೆ ಗೊತ್ತೇ? "ನಮ್ಮಪ್ಪಗ ಗಾಡಿ ಕೆಲಸ ಬರಂಗಿಲ್ರಿ, ಗೇಟ್ ಕಾಯ್ತಾರ." ಗೇಟ್ ಕಾಯುತ್ತಾರೆ ಅಂದದ್ದಕ್ಕೆ ನನಗೆ ಬೇಸರವಿಲ್ಲ. ಬರಂಗಿಲ್ಲ ಅಂದಳಲ್ಲ, ಅದಕ್ಕೆ ಬೇಸರ.

ಈಗ ಪೈಪಿನ ಮಾತಿಗೆ ಬರುತ್ತೇನೆ. ಹಬ್ಬ ಮುಗಿದ ಮೇಲೆ ಡಾಕ್ಟರಿಗೆ ತೋರಿಸಬೇಕು ಅಂತ ಸುಳ್ಳು ಹೇಳಿ, ಪೈಪನ್ನು ಕೈಚೀಲದಲ್ಲಿಟ್ಟುಕೊಂಡು ಹುಮನಾಬಾದಿಗೆ ಬಂದೆ. ನಿಮಗೆ ಕೆಲಸ ಕಲಿಸಿದ ಲಾಲ್ ಅಹ್ಮದ್ ಉಸ್ತಾದರ ಗ್ಯಾರೇಜಿಗೆ ಹೋದೆ. ಮೊದಲು ಅವರು ನನ್ನನ್ನು ಸರಿಯಾಗಿ ಮಾತಾಡಿಸಲೇ ಇಲ್ಲ. ಕಣ್ಣು ಮಂಜಾಗಿದೆ, ಪೈಪನ್ನು ಬೆರಳಿನಿಂದಲೇ ನೋಡಿದರು. ತಗ್ಗಿನ ಮೇಲೆ ಬೆರಳು ನಿಂತಿತು. "ಇದು ಶರಣೂನ ಕೆಲಸ ಅಲ್ಲ ಬೇಟಿ. ಯಾರೋ ಮ್ಯಾಲ ಎತ್ತಿ ಕಟ್ಯಾರ" ಅಂದರು. ಕಲ್ಲು ಬಡಿಯಬಾರದು ಅಂತ ಎತ್ತಿ ಕಟ್ಟಿದಾಗ ಪೈಪು ಒಂದು ಕಡೆ ಹಿಸುಕಿ, ಇನ್ನೊಂದು ಕಡೆ ಹೊಟ್ಟೆ ಬಿಟ್ಟಿತಂತೆ. ಆ ಹೊಟ್ಟೆಯಲ್ಲಿ ಎಣ್ಣೆ ನಿಂತಿತು. ಇಳಿಯಲು ದಾರಿಯಿಲ್ಲದ ಎಣ್ಣೆ ಟರ್ಬೋದೊಳಗೇ ತುಂಬಿ, ಒಂದಷ್ಟು ಹೊಗೆಯ ದಾರಿಗೆ ಹೋಯಿತು, ಒಂದಷ್ಟು ಇಂಜಿನ್ ಗಾಳಿ ಎಳೆಯುವ ದಾರಿಗೆ. "ಇಂಜಿನ್ ತನ್ನ ಎಣ್ಣಿ ತಾನ ಕುಡದದ. ಮತ್ತ ಅದಕ್ಕ ಡೀಸೆಲ್ ಯಾಕ ಬೇಕು, ಕೀಲಿ ಯಾಕ ಬೇಕು?" ಅಂದರು. ಡ್ರೈವರುಗಳೆಲ್ಲ ಬರೀ ಕೀಲಿ ತೆಗೆದು ನೋಡುತ್ತ ನಿಲ್ಲುತ್ತಾರೆ, ಅಷ್ಟರಲ್ಲಿ ಇಂಜಿನ್ ಹೋಗಿರುತ್ತದೆ, ಒಮ್ಮೊಮ್ಮೆ ಒಳಗಿದ್ದ ಜನವೂ ಹೋಗುತ್ತಾರೆ ಅಂದರು. ಆಮೇಲೆ, "ನಾ ಕೇಳ್ದಾಗ ಅವ ನಂದೇ ಗಲ್ತಿ ಉಸ್ತಾದ್ ಅಂದ. ಅವತ್ತಿನಿಂದ ಅವ ನನ್ನ ಶಾಗಿರ್ದ್ ಅಂತ ನಾ ಯಾರ ಮುಂದೂ ಹೇಳ್ಕೊಂಡಿಲ್ಲ" ಅಂತ ಕಣ್ಣು ಒರೆಸಿಕೊಂಡರು. ನಿಮ್ಮ ಗುರುವಿಗೂ ಮೋಸ ಮಾಡಿದ್ದೀರಿ, ನನಗೊಬ್ಬಳಿಗೇ ಅಲ್ಲ.

ಸಂಜೆಯ ಬಸ್ಸಿಗೆ ಮನೆಗೆ ಹೋಗಿ, ಪೈಪನ್ನು ಮಾವನವರ ಮುಂದೆ ಇಟ್ಟೆ. ಅವರು ಇದೇನು ಅಂತ ಕೇಳಲಿಲ್ಲ. "ಎಲ್ಲಿ ಸಿಕ್ತು ಇದು?" ಅಂತ ಕೇಳಿದರು. ಅಷ್ಟೇ ಸಾಕಾಯಿತು ನನಗೆ. ಇಂಜಿನ್ ಇಳಿಸಿದ ದಿನವೇ ನೀವು ಇದನ್ನು ಬಿಚ್ಚಿ ಅವರಿಗೆ ತೋರಿಸಿದ್ದಿರಂತೆ, ಅತ್ತೆಗೂ ಗೊತ್ತಿತ್ತಂತೆ. ಮಾವನವರು ನಾಚಿಕೆಯಿಲ್ಲದೆ ಹೇಳಿದರು: "ನೋಡವ್ವ ವಿದ್ಯಾವತಿ, ಆವಾಗ ಬೀಗರು ಬಾಗಿಲಾಗ ನಿಂತಿದ್ರು. ಹುಡುಗ ಛಲೋ ಗಾಡಿ ಹೊಡೀತಾನ ಅಂತ ಹೆಣ್ಣು ಕೊಡಾಕ ಬಂದವ್ರು. ಅವನೇ ಕೆಡಿಸ್ಯಾನ ಅಂದ್ರ ಯಾರು ಕೊಡ್ತಿದ್ರು? ಶರಣೂಂದು ಲಗ್ನ ಆಗ್ಯದ, ಮಗಳದಾಳ. ಅವನ ಹೆಸರು ಕೆಟ್ರ ಹೋಗೋದೇನದ?" ಶ್ರೀಮಂತನಿಗೆ ಈಗಲಾದರೂ ಹೇಳಿದ್ದೀರ ಅಂತ ಕೇಳಿದೆ. "ಅವಗ್ಯಾಕ ಹೇಳಬೇಕು? ಅವನ ಬಾಯಾಗ ಒಂದು ಮಾತು ನಿಲ್ಲಂಗಿಲ್ಲ, ಅತ್ತಿ ಮನ್ಯಾಗ ಒದರಿ ಬರ್ತಾನ" ಅಂದರು. ಅತ್ತೆ ಒಳಗಿನಿಂದ, "ಮುಗದ ಮಾತು ಯಾಕ ಕೆದರ್ತೀ? ರೊಟ್ಟಿ ಬಡಿ ಬಾ" ಅಂದರು. ನಾನು ರೊಟ್ಟಿ ಬಡಿಯಲಿಲ್ಲ. ಮರುದಿನ ಭಾಗ್ಯಶ್ರೀಯ ಕೈ ಹಿಡಿದು, ನಿಮ್ಮ ಪಾನಾಗಳ ಪೆಟ್ಟಿಗೆಯನ್ನು ಹಮಾಲನ ತಲೆಯ ಮೇಲೆ ಹೊರಿಸಿ ಬಂದೆ.

ಶ್ರೀಮಂತ ಅಂದರೆ ನನಗೆ ಸಿಟ್ಟಿಲ್ಲ ಅಂದರೆ ನಂಬುತ್ತೀರಾ? ಅವನಿಗೆ ಪಾಪ ಏನೂ ಗೊತ್ತೇ ಇಲ್ಲ. ಅಣ್ಣ ಗಾಡಿ ಕೆಡಿಸಿ ಓಡಿಹೋದ ಅಂತಲೇ ಅವನೂ ತಿಳಿದಿದ್ದಾನೆ. ನನಗೆ ಸಿಟ್ಟು ನಿಮ್ಮ ಮೇಲೆ. ನೀವು ಮೂವರು ಕುಳಿತು ನಮ್ಮ ಮಾನವನ್ನು ತಟ್ಟೆಯಲ್ಲಿಟ್ಟು ಬೀಗರಿಗೆ ಕೊಟ್ಟಿರಿ. ಅದರಲ್ಲಿ ನನ್ನ ಪಾಲೂ ಇತ್ತು, ಮಗಳ ಪಾಲೂ ಇತ್ತು, ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆನೇ? ತಮ್ಮನ ಲಗ್ನ ನಿಲ್ಲಲಿ ಅನ್ನುವಷ್ಟು ಕಲ್ಲೇ ನಾನು? ಹಿತ್ತಲಿಗೆ ಕರೆದು, "ವಿದ್ಯಾ, ಮಾತು ಹಿಂಗದ, ಲಗ್ನ ಆಗೋತನಕ ಸುಮ್ಮನಿರು" ಅಂದಿದ್ದರೆ ಮನೀಷಾ ನಕ್ಕಾಗ ನಾನು ಒಳಗೊಳಗೇ ನಕ್ಕು ಸುಮ್ಮನಾಗುತ್ತಿದ್ದೆ. ಬೋಗುಣಿ ಹಿಡಿಯಲು ನಾನು ಬೇಕಾಗಿತ್ತು, ನಿಜ ಹೇಳಲು ಬೇಕಾಗಲಿಲ್ಲ. ಲಗ್ನವಾಗಿ ಎರಡು ವರ್ಷವಾಗುತ್ತ ಬಂತು, ಇನ್ನೂ ಯಾವ ಲಗ್ನ ಬಾಕಿ ಇದೆ ಅಂತ ಬಾಯಿ ಮುಚ್ಚಿಕೊಂಡಿದ್ದೀರಿ? ದೊಡ್ಡ ಮನಸ್ಸು ಅಂತ ನೀವು ತಿಳಿದಿರಬಹುದು. ನನಗಂತೂ ಹೇಡಿತನ ಅಂತ ಕಾಣುತ್ತದೆ. ಬರೆದುಬಿಟ್ಟೆ, ಅಳಿಸುವುದಿಲ್ಲ.

ಈಗ ನನ್ನ ಮಾತು ಇಷ್ಟು. ಉಸ್ತಾದರು ತಮ್ಮ ಗ್ಯಾರೇಜಿಗೆ ನಿಮ್ಮನ್ನು ಕರೆಯುತ್ತಿದ್ದಾರೆ. ಸುಳ್ಳಿಗೆ ಮಾಡಿದ ಆಣೆ ಶಿವನಿಗೆ ಮುಟ್ಟುವುದಿಲ್ಲ, ಬಂದು ಪಾನಾ ಹಿಡಿಯಿರಿ. ಪೆಟ್ಟಿಗೆ ಇಲ್ಲೇ ನನ್ನ ತಲೆಯ ಹತ್ತಿರ ಇದೆ, ಒರೆಸಿ ಎಣ್ಣೆ ಹಚ್ಚಿಟ್ಟಿದ್ದೇನೆ. ಬರುವುದಾದರೆ ನೆಟ್ಟಗೆ ಹುಮನಾಬಾದಿಗೆ ಬನ್ನಿ. ದಾರಿಯಲ್ಲಿ ಬಸವಕಲ್ಯಾಣ ಕ್ರಾಸ್ ಮೊದಲು ಬರುತ್ತದೆ, ಅಲ್ಲಿ ಇಳಿಯಬೇಡಿ. ಅಲ್ಲಿ ಇಳಿದು ಅಪ್ಪನನ್ನು ಕೇಳಿಕೊಂಡು ಬರುತ್ತೇನೆ ಅನ್ನುವವರು ನನ್ನ ಬಾಗಿಲಿಗೆ ಬರುವುದೇ ಬೇಡ. ನಾನು ಮಗಳನ್ನು ಸಾಕಿಕೊಳ್ಳುತ್ತೇನೆ.

ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಭಾಗ್ಯಶ್ರೀ ನಿಮಗೆ ಶರಣು ಹೇಳು ಅಂದಿದ್ದಾಳೆ. ನೀವು ಎಲ್ಲಿದ್ದರೂ ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ಸಿಟ್ಟಿನಲ್ಲಿಯೂ ಅದನ್ನು ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇಂತಿ,
ವಿದ್ಯಾವತಿ

ತಾ. ಕ.: ನಿನ್ನೆ ಕಾಗದ ಮಡಚಿಟ್ಟು, ಅಂಚೆಗೆ ಹಾಕುವ ಮುಂಚೆ ಭಾಗ್ಯಶ್ರೀಯ ಶಾಲೆಯ ಸರ್ಟಿಫಿಕೇಟ್ ತರಲು ಇವತ್ತು ಬಸವಕಲ್ಯಾಣಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಸುಮೋ ನನ್ನ ಮುಂದೆಯೇ ಹೋಯಿತು. ಹಿಂದೆ ನೀಲಿ ಹೊಗೆ! ಮನೆಗೆ ಓಡಿ ಹೋಗಿ, ಗಾಡಿ ಬಂದ ಮೇಲೆ ಸೀರೆ ಹೊಲಸಾದರೂ ಆಗಲಿ ಅಂತ ಕೆಳಗೆ ಬಗ್ಗಿ ನೋಡಿದೆ. ಮತ್ತೆ ಎಲ್ಲೋ ಕಲ್ಲು ಬಡಿದಿದೆ. ಅದೇ ಜಾಗ, ಅದೇ ಕಪ್ಪು ವೈರು, ಪೈಪು ಹಾಗೇ ಹೊಟ್ಟೆ ಬಿಟ್ಟಿದೆ. ನಾನು ಶ್ರೀಮಂತನಿಗೆ ಎಲ್ಲ ಹೇಳಿದೆ, ಮೊದಲ ಇಂಜಿನ್ ಹೋದದ್ದೂ ಇದರಿಂದಲೇ ಅಂದೆ. ಅವನು ನಕ್ಕು, "ವೈನಿ, ಅಣ್ಣನ ತಪ್ಪು ನನ್ನ ಮ್ಯಾಲ ಹಾಕ್ತೀರೇನು?" ಅಂದ. ಮಾವನವರು ಅಲ್ಲೇ ಕುಳಿತಿದ್ದರು, ಹೌದು ಅನ್ನಲಿಲ್ಲ. ವೈರು ಕತ್ತರಿಸಲು ಹೋದರೆ ಅತ್ತೆ ನನ್ನ ಕೈಯಿಂದ ಕತ್ತರಿ ಕಸಿದುಕೊಂಡರು. ಗಾಡಿ ಕೆಡಿಸಿದವನ ಹೆಂಡತಿಯ ಮಾತು ಅಲ್ಲಿ ಯಾರು ಕೇಳುತ್ತಾರೆ? ಮನೀಷಾಗೆ ಏಳು ತಿಂಗಳು. ಸಂಕ್ರಾಂತಿಯ ಮರುದಿನ ಅವಳನ್ನು ಬಾಣಂತನಕ್ಕೆ ಚಿಟಗುಪ್ಪಕ್ಕೆ ಅದೇ ಗಾಡಿಯಲ್ಲಿ ಕರೆದೊಯ್ಯುತ್ತಾರೆ. ಆ ಹುಡುಗಿಗೆ ಕಿಟಕಿಯಿಂದ ಹಾರಲು ಆಗುವುದಿಲ್ಲ. ನಿಮ್ಮ ಮಾತನ್ನು ಮಾತ್ರ ಶ್ರೀಮಂತ ತೆಗೆದುಹಾಕಲಾರ, ಆದರೆ ನೀವೇ ಎದುರು ನಿಂತು ಹೇಳಬೇಕು; ಫೋನ್ ಮಾಡಿದರೆ ನೀವು ಮತ್ತೆ "ನೋಡೂಣು" ಅನ್ನುತ್ತೀರಿ. ಕಾಗದ ಸಿಕ್ಕ ದಿನವೇ ಬಸ್ಸು ಹತ್ತಿರಿ. ಮೇಲೆ ಬರೆದದ್ದನ್ನು ಬಿಡಿ. ಮೊದಲು ಬಸವಕಲ್ಯಾಣ ಕ್ರಾಸಿನಲ್ಲಿ ಇಳಿಯಿರಿ. ನಮ್ಮ ಹತ್ತಿರ ಆಮೇಲೆ ಬನ್ನಿ.